ಅಕ್ರಿಲಿಕ್, ಪ್ಲಾಸ್ಟರ್, ಕ್ರೋಮ್-ಕೋಬಾಲ್ಟ್ ಎಲ್ಲಕ್ಕೂ ಒಂದೇ ಲ್ಯಾಬ್ ಕಟರ್: ವಿನ್ಯಾಸ ಎಲ್ಲಿ ತಪ್ಪುತ್ತಿದೆ?

ಟೂಲ್‌ರೂಮ್ (ಪ್ರಶ್ನೆ)

ಡೆಂಟಲ್ ಲ್ಯಾಬ್‌ಗಳ ಮೈಕ್ರೋಮೋಟರ್‌ಗೆ (ಕೈಯಲ್ಲಿ ಹಿಡಿದು ಕೊರೆಯುವ ಸಣ್ಣ ಮೋಟರ್) ಹಾಕುವ ಟಂಗ್‌ಸ್ಟನ್ ಕಾರ್ಬೈಡ್ ಕಟರ್ (ಬರ್) ವಿನ್ಯಾಸ ಮಾಡುತ್ತಿದ್ದೇವೆ. ಲ್ಯಾಬಿನವರು ಪದೇ ಪದೇ ಬರ್ ಬದಲಾಯಿಸುವ ಕಷ್ಟ ತಪ್ಪಿಸಬೇಕು ಅನ್ನುವುದು ಗುರಿ. ಪ್ಲಾಸ್ಟರ್ ಮಾಡೆಲ್, ಅಕ್ರಿಲಿಕ್ ಸೆಟ್ (ಕೃತಕ ಹಲ್ಲಿನ ಸೆಟ್), ಕ್ರೋಮ್-ಕೋಬಾಲ್ಟ್ ಲೋಹದ ಫ್ರೇಮ್ ಮೂರಕ್ಕೂ ಒಂದೇ ಕಟರ್. ಸಾಧ್ಯವಾದರೆ ಟೈಟೇನಿಯಂ, ಜಿರ್ಕೋನಿಯಾ ಕೂಡ.

ಈಗಿನ ಮಾದರಿಯ ಅಳತೆ ಹೀಗಿದೆ. ತುದಿ ಉರುಟಾದ ಟೇಪರ್ ಆಕಾರ, ಹಿಂಭಾಗ 6 ಮಿ.ಮೀ., ತುದಿಯ ಹತ್ತಿರ 3 ಮಿ.ಮೀ., ತಲೆಯ ಉದ್ದ 14 ಮಿ.ಮೀ. ಬ್ಲೇಡ್ 12, ಬಲ ಹೆಲಿಕ್ಸ್ (ಬ್ಲೇಡಿನ ಸುರುಳಿಯ ಓರೆ) 20 ಡಿಗ್ರಿ, ರೇಕ್ (ಬ್ಲೇಡಿನ ಮುಂಮುಖದ ಓರೆ) ಪಾಸಿಟಿವ್ 8 ಡಿಗ್ರಿ, ಫ್ಲೂಟ್ (ಬ್ಲೇಡ್‌ಗಳ ನಡುವಿನ ಕಾಲುವೆ) ಆಳ 0.5 ಮಿ.ಮೀ. ಚಿಪ್ (ಕೊರೆದಾಗ ಏಳುವ ಸಿಪ್ಪೆ) ಮುರಿಯಲು ಎಡ ಹೆಲಿಕ್ಸ್‌ನಲ್ಲಿ 12 ಸ್ಟಾರ್ಟ್‌ನ (ಜೊತೆಜೊತೆಗೆ ಸುತ್ತುವ 12 ಸುರುಳಿಯ) ಅಡ್ಡ ಕಚ್ಚು. ಮೇಲೆ 3 ಮೈಕ್ರಾನ್ ಟೈಟೇನಿಯಂ ನೈಟ್ರೈಡ್ ಕೋಟಿಂಗ್. ಶ್ಯಾಂಕ್ (ಮೋಟರ್ ಹಿಡಿಯುವ ಕಡ್ಡಿ) 2.35 ಮಿ.ಮೀ. ಸ್ಟೇನ್‌ಲೆಸ್, ಕಾರ್ಬೈಡ್ ತಲೆಗೆ ಬೆಳ್ಳಿ ಬೆಸುಗೆ. ಡಬ್ಬಿಯ ಮೇಲೆ ಗರಿಷ್ಠ 40,000 ಆರ್‌ಪಿಎಂ ಎಂದು ಹಾಕುವ ಉದ್ದೇಶ.

ಅಕ್ರಿಲಿಕ್‌ನಲ್ಲಿ ಚೆನ್ನಾಗಿ ಕೊರೆಯುತ್ತದೆ, ಆದರೆ ಮೇಲ್ಮೈಯಲ್ಲಿ ಉಳುಮೆ ಸಾಲಿನಂತೆ ಗೆರೆ ಉಳಿಯುತ್ತದೆ. ಕ್ರೋಮ್-ಕೋಬಾಲ್ಟ್‌ನಲ್ಲಿ ಕೈಗೆ ನಡುಕ ಬರುತ್ತದೆ, ಕೆಲವೇ ನಿಮಿಷದಲ್ಲಿ ಬ್ಲೇಡಿನ ಅಂಚಿನಿಂದ ಚಕ್ಕೆ ಏಳುತ್ತದೆ. ವೇಗ ಏರಿಸಿದಾಗ ಎರಡು ಪೀಸಿನ ಶ್ಯಾಂಕ್ ಬಾಗಿದೆ. ಮೂರಕ್ಕೂ ಕಾರಣ ಬೇರೆ ಬೇರೆಯೋ, ಒಂದೆಯೋ? ರೇಕ್ ಕಡಿಮೆ ಮಾಡಿದರೆ ಸಾಕೆ?

---

ವೀಲ್ ಡ್ರೆಸ್ಸರ್

ಮೂರೂ ಬೇರೆ ಬೇರೆ, ಆದರೆ ಒಂದನ್ನೊಂದು ಕೆರಳಿಸುತ್ತಿವೆ. (ಹಲ್ಲಿನ ಲ್ಯಾಬಿನ ಮಾತಿನಲ್ಲಿ ಕಟರ್‌ಗೂ ಹಲ್ಲು ಅಂದರೆ ಗೊಂದಲ. ಹಾಗಾಗಿ ನೀವು ಬರೆದಂತೆ ಬ್ಲೇಡ್ ಅಂತಲೇ ಇಟ್ಟುಕೊಳ್ಳುತ್ತೇನೆ.)

ಗೆರೆಯ ವಿಷಯ ಸುಲಭ. 12 ಬ್ಲೇಡಿಗೆ 12 ಸ್ಟಾರ್ಟ್ ಕಚ್ಚು ಕೊಟ್ಟಿದ್ದೀರಿ. ಒಂದು ಬ್ಲೇಡಿನಿಂದ ಮುಂದಿನದಕ್ಕೆ ಹೋದಾಗ ಕಚ್ಚು ಎಷ್ಟು ಸರಿಯುತ್ತದೆ ಅನ್ನುವುದನ್ನು ಸ್ಟಾರ್ಟ್ ಸಂಖ್ಯೆಯನ್ನು ಬ್ಲೇಡ್ ಸಂಖ್ಯೆಯಿಂದ ಭಾಗಿಸಿ ತಿಳಿಯಬಹುದು. 12/12 ಅಂದರೆ ಸರಿಯಾಗಿ ಒಂದು ಪಿಚ್ (ಒಂದು ಕಚ್ಚಿನಿಂದ ಮುಂದಿನದಕ್ಕೆ ಇರುವ ಅಂತರ), ಅಂದರೆ ಸರಿದೇ ಇಲ್ಲ. ಎಲ್ಲ ಬ್ಲೇಡಿನಲ್ಲೂ ಕಚ್ಚು ಒಂದೇ ಎತ್ತರದಲ್ಲಿ ಕೂತಿದೆ. ಮೊದಲ ಬ್ಲೇಡ್ ಕಚ್ಚಿನ ಜಾಗದಲ್ಲಿ ಕೊರೆಯದೆ ಬಿಟ್ಟ ದಿಂಡನ್ನು ಎರಡನೆಯದೂ ಬಿಡುತ್ತದೆ, ಹನ್ನೆರಡನೆಯದೂ ಬಿಡುತ್ತದೆ. 24 ಕೊಟ್ಟರೂ ಇದೇ ಕಥೆ. 13 ಕೊಟ್ಟರೆ ಸರಿತ ಪಿಚ್‌ನ 1/12 ಮಾತ್ರ, ದಿಂಡು ಹೋಗಲು ನಾಲ್ಕೈದು ಬ್ಲೇಡ್ ಬೇಕು. 17 ಕೊಡಿ. 17/12ರಲ್ಲಿ ಉಳಿಯುವುದು 5/12, ಅಂದರೆ ಅರ್ಧ ಪಿಚ್‌ಗಿಂತ ಸ್ವಲ್ಪ ಕಡಿಮೆ. ಕಚ್ಚಿನ ಅಗಲ ಪಿಚ್‌ನ ಮೂರನೇ ಒಂದು ಭಾಗ ದಾಟದಿದ್ದರೆ ಪಕ್ಕದ ಬ್ಲೇಡೇ ದಿಂಡನ್ನು ಒರೆಸಿಬಿಡುತ್ತದೆ. ಗ್ರೈಂಡಿಂಗ್ ಪ್ರೋಗ್ರಾಂನಲ್ಲಿ ಒಂದು ಸಂಖ್ಯೆ ಬದಲಾಯಿಸಿದರೆ ಮುಗಿಯಿತು.

ಚಕ್ಕೆ ಏಳುವುದಕ್ಕೆ ರೇಕ್ ಒಂದು ಕಾರಣ, ಆದರೆ ಮೊದಲ ಕಾರಣ ರನ್‌ಔಟ್ (ತಿರುಗುವಾಗ ತಲೆ ನಡುಗೆರೆಯಿಂದ ಓಲಾಡುವುದು) ಇರಬಹುದು. ಅದರ ಅಳತೆಯನ್ನೇ ನೀವು ಕೊಟ್ಟಿಲ್ಲ! ಲೆಕ್ಕ ನೋಡಿ. 20,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 333 ಸುತ್ತು, 12 ಬ್ಲೇಡಿಗೆ 4,000 ಏಟು. ಕೈ ಸೆಕೆಂಡಿಗೆ 10 ಮಿ.ಮೀ. ಸರಿದರೆ ಒಂದು ಸುತ್ತಿಗೆ 30 ಮೈಕ್ರಾನ್, ಒಂದು ಬ್ಲೇಡಿಗೆ 2.5 ಮೈಕ್ರಾನ್ ಮಾತ್ರ. ಈಗ ಡಯಲ್‌ನಲ್ಲಿ ಒಟ್ಟು ರನ್‌ಔಟ್ 0.03 ಮಿ.ಮೀ. ತೋರಿಸಿದರೆ ಏನಾಗುತ್ತದೆ? ತಗ್ಗಿನ ಕಡೆಯ ಬ್ಲೇಡ್‌ಗಳು ಗಾಳಿಯಲ್ಲಿ ತಿರುಗುತ್ತವೆ, ಉಬ್ಬಿನ ಕಡೆಯ ನಾಲ್ಕೈದು ಮಾತ್ರ ಕತ್ತರಿಸುತ್ತವೆ, ಅವುಗಳಲ್ಲಿ ಒಂದರ ಮೇಲೆ 10 ಮೈಕ್ರಾನ್ ತನಕ ಬೀಳುತ್ತದೆ. ನೀವು ಎಣಿಸಿದ್ದಕ್ಕಿಂತ ನಾಲ್ಕು ಪಟ್ಟು. ಅಕ್ರಿಲಿಕ್ ಅದನ್ನು ಕ್ಷಮಿಸುತ್ತದೆ, ಕ್ರೋಮ್-ಕೋಬಾಲ್ಟ್ ಕ್ಷಮಿಸುವುದಿಲ್ಲ. ಒಟ್ಟು ರನ್‌ಔಟ್ 0.01ಕ್ಕೆ ಇಳಿದರೆ ಅದೇ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಲ್ಲ ಬ್ಲೇಡೂ ಕೆಲಸಕ್ಕೆ ಬರುತ್ತವೆ. ಬೆಸುಗೆ ಆದ ಮೇಲೆ ಶ್ಯಾಂಕನ್ನು ಸೆಂಟರ್‌ಲೆಸ್ ಗ್ರೈಂಡ್ (ತುದಿ ಹಿಡಿಯದೆ ಎರಡು ಚಕ್ರಗಳ ನಡುವೆ ಉಜ್ಜುವುದು) ಮಾಡಿ, ಆ ಶ್ಯಾಂಕನ್ನೇ ಹಿಡಿದು ತಲೆ ಗ್ರೈಂಡ್ ಮಾಡುವ ಕ್ರಮ ಇದ್ದರೆ ಇದು ಸಿಗುತ್ತದೆ. ತಲೆ ಮೊದಲು ಕೊರೆದು ಆಮೇಲೆ ಬೆಸೆದರೆ ಎಂದೂ ಸಿಗುವುದಿಲ್ಲ. ಶ್ಯಾಂಕ್ ವ್ಯಾಸ 2.334ರಿಂದ 2.350ರ ಒಳಗೇ ಇರಲಿ.

ರೇಕ್ 8 ಡಿಗ್ರಿ ಅಕ್ರಿಲಿಕ್‌ಗೆ ಒಗ್ಗುತ್ತದೆ, ಗಟ್ಟಿ ಲೋಹಕ್ಕೆ ಅಂಚು ತೆಳುವಾಯಿತು. ಎರಡಕ್ಕೂ ನಡುವಿನ ದಾರಿ ಬೇಕೆಂದರೆ 0ಯಿಂದ 3 ಡಿಗ್ರಿ ನಡುವೆ ಪ್ರಯೋಗ ಮಾಡಿ, ಫ್ಲೂಟ್ ಆಳ 0.35ಕ್ಕೆ ಇಳಿಸಿ. ಇನ್ನೊಂದು: ಹಿಂಭಾಗದಲ್ಲಿ ಬ್ಲೇಡ್‌ಗಳ ನಡುವೆ 1.57 ಮಿ.ಮೀ. ಅಂತರ ಇದೆ, 3 ಮಿ.ಮೀ. ವ್ಯಾಸದಲ್ಲಿ 0.79 ಉಳಿಯಿತು, ಉರುಟು ಮೂತಿಯಲ್ಲಿ ಹನ್ನೆರಡೂ ಒಂದರ ಮೇಲೊಂದು ಬೀಳುತ್ತವೆ. ಮೂತಿ ಶುರುವಾಗುವಲ್ಲಿ ಒಂದು ಬಿಟ್ಟು ಒಂದನ್ನು ನಿಲ್ಲಿಸಿ 6 ಮಾಡಿ, ಕೊನೆಗೆ 3 ಮಾತ್ರ ನಡುವಿಗೆ ಹೋಗಲಿ. ಇಲ್ಲದಿದ್ದರೆ ಮೂತಿ ಕೊರೆಯುವುದಿಲ್ಲ, ಉಜ್ಜುತ್ತದೆ. ಅಕ್ರಿಲಿಕ್ ಮೊದಲು ಅಂಟಿಕೊಳ್ಳುವುದೂ ಅಲ್ಲೇ.

---

ಲ್ಯಾಬ್ ಬೆಂಚ್

ವಿನ್ಯಾಸದ ಲೆಕ್ಕ ಮೇಲಿನವರಿಗೆ ಬಿಡುತ್ತೇನೆ. ಬಳಸುವ ಕಡೆಯಿಂದ ಹೇಳುವುದಾದರೆ, ಪಟ್ಟಿಯಿಂದ ಎರಡನ್ನು ಇವತ್ತೇ ಹೊಡೆದುಹಾಕಿ.

ಸಿಂಟರ್ ಆದ (ಒಲೆಯಲ್ಲಿ ಸುಟ್ಟು ಗಟ್ಟಿಯಾದ) ಜಿರ್ಕೋನಿಯಾ ಕಾರ್ಬೈಡ್‌ನ ಕೆಲಸವೇ ಅಲ್ಲ. ಅದರ ಗಡಸುತನ ವಿಕರ್ಸ್ 1,200ರ ಮೇಲೆ, ನಿಮ್ಮ ಕಾರ್ಬೈಡ್ 1,500-1,800. ಆ ಅಂತರದಲ್ಲಿ ಕತ್ತರಿಸಲು ಹೊರಟರೆ ಬ್ಲೇಡ್ ಸವೆಯುತ್ತದೆ, ಒಣ ಘರ್ಷಣೆಯ ಬಿಸಿಗೆ ಜಿರ್ಕೋನಿಯಾದಲ್ಲಿ ಸೂಕ್ಷ್ಮ ಬಿರುಕು ಬರುತ್ತದೆ. ಅದಕ್ಕೆ ನೀರು ಬರುವ ಲ್ಯಾಬ್ ಟರ್ಬೈನ್, ಡೈಮಂಡ್. ಸಿಂಟರ್ ಆಗುವ ಮುಂಚಿನ ಸೀಮೆಸುಣ್ಣದಂಥ ಜಿರ್ಕೋನಿಯಾಕ್ಕೆ ಕಾರ್ಬೈಡ್ ನಡೆಯುತ್ತದೆ. ಆದರೆ ಅಲ್ಲಿ ಬೇಕಾದ್ದು ಸಣ್ಣ ತಲೆ, ನಯ ಬ್ಲೇಡ್, ಹಗುರ ಕೈ. 6 ಮಿ.ಮೀ. ತಲೆಯಲ್ಲಿ ಮಾರ್ಜಿನ್ (ತೆಳು ಅಂಚು) ಹಾರಿಹೋಗುತ್ತದೆ.

ಟೈಟೇನಿಯಂಗೆ ಜ್ಯಾಮಿತಿ ಹೊಂದಿದರೂ ಅದೇ ಪೀಸನ್ನು ಹಂಚಿಕೊಳ್ಳುವಂತಿಲ್ಲ. ಬೇರೆ ಲೋಹ ಕೊರೆದ ಬರ್‌ನಲ್ಲಿ ಉಳಿದ ಕಣ ಟೈಟೇನಿಯಂ ಮೇಲ್ಮೈಗೆ ಒತ್ತಿಕೊಳ್ಳುತ್ತದೆ. ಟೈಟೇನಿಯಂ ಶಾಖವನ್ನು ಬೇಗ ಸಾಗಿಸುವುದಿಲ್ಲ, ಬಿಸಿ ಎಲ್ಲ ಅಂಚಿನಲ್ಲೇ ನಿಲ್ಲುತ್ತದೆ, ಚಿಪ್ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಕಿಡಿ ಹಾರುತ್ತದೆ. ಕಡಿಮೆ ವೇಗ, ಕಡಿಮೆ ಒತ್ತಡ, ಚೂಪು ಅಂಚು, ಟೈಟೇನಿಯಂಗೇ ಎತ್ತಿಟ್ಟ ಬರ್. ಮಾರಾಟದ ಚೀಟಿಯಲ್ಲಿ "ಎಲ್ಲ ಲೋಹಕ್ಕೂ" ಎಂದು ಬರೆಯುವ ಆಸೆ ಬಿಡಿ.

ಪ್ಲಾಸ್ಟರ್ ಮೃದು, ಆದ್ದರಿಂದ ಯಾವುದಾದರೂ ನಡೆಯುತ್ತದೆ ಅಂದುಕೊಳ್ಳುವುದು ತಪ್ಪು. ಒಣಗಿದ ಡೈ ಸ್ಟೋನ್ (ಮಾಡೆಲ್ ಮಾಡುವ ಗಟ್ಟಿ ಪ್ಲಾಸ್ಟರ್) ಪುಡಿಯಾಗಿ ಹಾರಿಹೋಗುತ್ತದೆ, ತೊಂದರೆ ಇಲ್ಲ. ಆದರೆ ಟ್ರಿಮ್ಮರ್‌ನಿಂದ ಆಗಷ್ಟೇ ತೆಗೆದ ಒದ್ದೆ ಮಾಡೆಲ್ ಕೊರೆದರೆ ಫ್ಲೂಟ್‌ನಲ್ಲಿ ಹಿಟ್ಟು ಕಟ್ಟುತ್ತದೆ. ನಿಮ್ಮ 0.5 ಮಿ.ಮೀ. ಆಳವೂ ಸಾಲದು, ಮೇಲಿನ ಸಲಹೆಯ 0.35 ಅಂತೂ ಒಂದೇ ಮಾಡೆಲಿಗೆ ತುಂಬುತ್ತದೆ. ಒದ್ದೆ ಪ್ಲಾಸ್ಟರಿಗೆ ಕಡಿಮೆ ಬ್ಲೇಡಿನ, ಆಳ ಫ್ಲೂಟಿನ ಒರಟು ಕಟರ್ ಬೇರೆಯೇ ಇರುತ್ತದೆ. ಅದನ್ನು ಇದರಲ್ಲಿ ತುರುಕಬೇಡಿ.

ಅಕ್ರಿಲಿಕ್‌ನಲ್ಲಿ ಶತ್ರು ಬಿಸಿ. ಡೆಂಚರ್ ಬೇಸ್ ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಮೊಂಡಾದ ಬರ್, ಜಾಸ್ತಿ ಒತ್ತಡ, ಒಂದೇ ಜಾಗದಲ್ಲಿ ನಿಲ್ಲಿಸುವುದು, ಇಷ್ಟಾದರೆ ಅದು ಕತ್ತರಿಸಿಕೊಳ್ಳದೆ ಕರಗಿ ಮೆತ್ತುತ್ತದೆ. ತೆಳು ಪ್ಯಾಲೆಟ್ (ಅಂಗುಳಿನ ಭಾಗ) ಆದರೆ ಸೆಟ್ ಸೊಟ್ಟಗಾಗಿ ಮಾಡೆಲ್ ಮೇಲೆ ಕೂರುವುದೇ ಇಲ್ಲ. ಮೆತ್ತಿದ್ದನ್ನು ಹಿತ್ತಾಳೆ ತಂತಿಯ ಬ್ರಷ್‌ನಿಂದ ತೆಗೆಯಬೇಕು. ಹೋಗದಿದ್ದರೆ ಅಸಿಟೋನ್‌ನಲ್ಲಿ ನೆನೆಸಿ ತಿಕ್ಕಬೇಕು, ಬರ್ನರ್‌ನಿಂದ ದೂರದಲ್ಲಿ. ಬರ್ನರ್ ಉರಿಯಲ್ಲಿ ಹಿಡಿದು ಸುಡುವವರಿದ್ದಾರೆ, ಬೆಸುಗೆಗೂ ಶ್ಯಾಂಕಿಗೂ ಅದು ಕೊನೆ.

ಕ್ರೋಮ್-ಕೋಬಾಲ್ಟ್‌ನಲ್ಲಿ ಬ್ಲೇಡ್ ಕೊಲ್ಲುವುದು ಬರೀ ಲೋಹ ಅಲ್ಲ. ಕಾಸ್ಟಿಂಗ್ (ಎರಕ) ಮೇಲೆ ಉಳಿದ ಇನ್ವೆಸ್ಟ್‌ಮೆಂಟ್‌ನಲ್ಲಿ (ಅಚ್ಚಿನ ವಸ್ತು) ಸಿಲಿಕಾ ಇರುತ್ತದೆ, ಜೊತೆಗೆ ಆಕ್ಸೈಡ್ ಪದರ. ಅಲ್ಯೂಮಿನಾ ಹಾಕಿ ಸ್ಯಾಂಡ್‌ಬ್ಲಾಸ್ಟ್ ಮಾಡಿ ಲೋಹ ಹೊಳೆದ ಮೇಲೆಯೇ ಕಟರ್ ಇಡಬೇಕು. ಸ್ಪ್ರೂ (ಅಚ್ಚಿಗೆ ಲೋಹ ಹರಿದ ದಾರಿಯಲ್ಲಿ ಉಳಿದ ಕಡ್ಡಿ) ಬುಡವನ್ನು ಕಟ್-ಆಫ್ ಡಿಸ್ಕ್‌ನಿಂದ ತೆಗೆಯಬೇಕು. ಕಟರ್‌ನ ಮೂತಿಯಿಂದ ಸ್ಪ್ರೂ ಕಡಿಯುವ ಅಭ್ಯಾಸಕ್ಕೆ ಯಾವ ರೇಕ್ ಕೊಟ್ಟರೂ ಅಂಚು ಉಳಿಯುವುದಿಲ್ಲ. ನಿಮ್ಮ ಪ್ರಯೋಗದಲ್ಲಿ ಚಕ್ಕೆ ಎದ್ದ ಪೀಸ್‌ಗಳು ಯಾವ ಸ್ಥಿತಿಯ ಕಾಸ್ಟಿಂಗ್ ಮೇಲೆ ಓಡಿದ್ದವು ಎಂದು ವಿಚಾರಿಸಿ.

ಪೋರ್ಸಲೇನ್ ಹಾಕುವ ಲೋಹದ ಕಾಪಿಂಗ್‌ಗೂ (ಹಲ್ಲಿನ ಕ್ಯಾಪ್‌ನ ಒಳಟೊಪ್ಪಿ) ಇದನ್ನು ಬಳಸುತ್ತಾರೆ. ಅಲ್ಲಿ ಉಜ್ಜುವ ಸ್ಟೋನ್‌ಗಿಂತ ಕಾರ್ಬೈಡ್ ಮೇಲು, ಸ್ಟೋನ್‌ನ ಕಣ ಲೋಹದಲ್ಲಿ ಹುದುಗಿ ಫೈರಿಂಗ್‌ನಲ್ಲಿ ಗುಳ್ಳೆ ಏಳಿಸುತ್ತದೆ. ಒಂದೇ ದಿಕ್ಕಿನಲ್ಲಿ ಎಳೆಯಬೇಕು, ಹಿಂದೆ ಮುಂದೆ ಉಜ್ಜಿದರೆ ಲೋಹದ ಪದರ ಮಡಚಿ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಂದರೆ ನಿಮ್ಮ ಬ್ಲೇಡ್ ಲೋಹವನ್ನು ಕತ್ತರಿಸಬೇಕು, ಒರೆಸಬಾರದು.

ಆಕಾರ ಮಾತ್ರ ಸರಿಯಾಗಿ ಆರಿಸಿದ್ದೀರಿ. ಉರುಟು ತುದಿಯ ಟೇಪರ್‌ನ ಪಕ್ಕದಿಂದ ಸೆಟ್‌ನ ಫ್ಲಾಂಜ್ (ಒಸಡಿನ ಪಕ್ಕದ ಅಂಚು), ಮೂತಿಯಿಂದ ಫ್ರೀನಂ (ತುಟಿ-ಒಸಡು ಕೂಡಿಸುವ ಮಡಿಕೆ) ಜಾಗ, ಹಿಂದಿನ ಅಗಲದಿಂದ ಪ್ಯಾಲೆಟ್. ಬಹುಪಯೋಗ ಅನ್ನುವುದು ಈ ಆಕಾರದಲ್ಲಿದೆ, ಬ್ಲೇಡಿನಲ್ಲಿ ಹುಡುಕಬೇಡಿ.

---

ಬೆಳ್ಳಿ ಬೆಸುಗೆ

ಬಾಗಿದ ಶ್ಯಾಂಕಿನ ಬಗ್ಗೆ ಯಾರೂ ಮಾತಾಡಿಲ್ಲ. ಮೂರು ತೊಂದರೆಗಳಲ್ಲಿ ಅಪಾಯಕಾರಿ ಅದೇ. 40,000 ವೇಗದಲ್ಲಿ ಬಾಗಿದ ಬರ್ ನೇರ ಮುಖಕ್ಕೆ ಹಾರಬಹುದು.

ನಿಮ್ಮ ಅಳತೆಯ ಟೇಪರ್ ತಲೆ ಫ್ಲೂಟ್ ತೆಗೆದ ಮೇಲೆ ಸುಮಾರು 3 ಗ್ರಾಂ ತೂಗುತ್ತದೆ. 2.35 ಮಿ.ಮೀ. ಉಕ್ಕಿನ ಶ್ಯಾಂಕನ್ನು ಒಂದು ತುದಿ ಹಿಡಿದ ತೊಲೆ ಎಂದುಕೊಳ್ಳಿ. ಕೊಲೆಟ್ (ಶ್ಯಾಂಕನ್ನು ಬಿಗಿಯಾಗಿ ಹಿಡಿಯುವ ಭಾಗ) ಬಾಯಿಯಿಂದ ತಲೆಯ ಭಾರಕೇಂದ್ರಕ್ಕೆ 15 ಮಿ.ಮೀ. ಇದ್ದರೆ 5 ನ್ಯೂಟನ್ ಒತ್ತಡಕ್ಕೆ ಅದು 0.02 ಮಿ.ಮೀ.ಗಿಂತ ಕಡಿಮೆ ಬಾಗುತ್ತದೆ. 25 ಮಿ.ಮೀ. ಇದ್ದರೆ 0.087. ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ 10 ಮಿ.ಮೀ. ಹೊರಗೆ ಎಳೆದದ್ದಕ್ಕೆ ನಾಲ್ಕೂವರೆ ಪಟ್ಟು. ಇದೇ ಬಿಗುವು ಮತ್ತು ತೂಕದಿಂದ ಕ್ರಿಟಿಕಲ್ ವೇಗ (ನಡುಕ ತಾನಾಗಿ ಉಲ್ಬಣಿಸುವ ವೇಗ) ತೆಗೆದರೆ 15 ಮಿ.ಮೀ.ಗೆ ಸುಮಾರು 90,000 ಆರ್‌ಪಿಎಂ, 25 ಮಿ.ಮೀ.ಗೆ ಸುಮಾರು 42,000. ಇದು ಕೊಲೆಟ್ ಅಲುಗಾಡುವುದೇ ಇಲ್ಲ ಎಂದುಕೊಂಡ ಲೆಕ್ಕ. ಸವೆದ ಕೊಲೆಟ್‌ನಲ್ಲಿ ಇನ್ನೂ ಕೆಳಗಿಳಿಯುತ್ತದೆ. ನೀವು ಡಬ್ಬಿಯ ಮೇಲೆ ಹಾಕಲಿರುವ 40,000 ಸರಿಯಾಗಿ ಅದರ ಬಾಯಿಗೇ ಹೋಗಿ ನಿಂತಿದೆ.

ಬರ್ ಯಾಕೆ 10 ಮಿ.ಮೀ. ಹೊರಗೆ ಬರುತ್ತದೆ? ಆಳದ ಪ್ಯಾಲೆಟ್‌ಗೆ ಎಟುಕಲಿ ಎಂದು ಕೆಲವರು ಎಳೆದು ಹಾಕುತ್ತಾರೆ. ಇನ್ನೊಂದು ಕಾರಣ ನಿಮ್ಮ ವಿನ್ಯಾಸದಲ್ಲೇ ಇದೆ. ಬಲಕ್ಕೆ ತಿರುಗುವ ಕಟರ್‌ಗೆ ಬಲ ಹೆಲಿಕ್ಸ್ ಕೊಟ್ಟರೆ ಕತ್ತರಿಸುವ ಬಲ ಅದನ್ನು ಕೊಲೆಟ್‌ನಿಂದ ಹೊರಕ್ಕೆ ಎಳೆಯುತ್ತದೆ, ಎಂಡ್ ಮಿಲ್‌ನಲ್ಲಿ ಆಗುವಂತೆಯೇ. 20 ಡಿಗ್ರಿಯಲ್ಲಿ ಆ ಎಳೆತ ಸಣ್ಣದಲ್ಲ. ಕೊಲೆಟ್ ಸಡಿಲ ಇದ್ದರೆ ಕೆಲಸ ನಡೆಯುವಾಗಲೇ ಬರ್ ತೆವಳಿ ಹೊರಬರುತ್ತದೆ. ಹೆಲಿಕ್ಸ್ 10-12 ಡಿಗ್ರಿಗೆ ಇಳಿಸಿ. ಎಡ ಕಚ್ಚು ಚಿಪ್ಪನ್ನು ಹೇಗೂ ಮುರಿಯುತ್ತದೆ, ದೊಡ್ಡ ಹೆಲಿಕ್ಸ್‌ನ ಅಗತ್ಯ ಇಲ್ಲ.

ವೇಗದ ಮಿತಿಯನ್ನು 25,000ಕ್ಕೆ ಇಳಿಸಿದರೆ ಕ್ರೋಮ್-ಕೋಬಾಲ್ಟ್‌ಗೂ ಒಳ್ಳೆಯದು. 6 ಮಿ.ಮೀ. ವ್ಯಾಸಕ್ಕೆ 40,000ದಲ್ಲಿ ಅಂಚಿನ ವೇಗ ಸೆಕೆಂಡಿಗೆ 12.6 ಮೀಟರ್, ನಿಮಿಷಕ್ಕೆ 750 ಮೀಟರ್ ದಾಟುತ್ತದೆ. ಮಷೀನ್ ಶಾಪ್‌ನಲ್ಲಿ ಇಂಥ ಮಿಶ್ರಲೋಹಕ್ಕೆ ಕೂಲೆಂಟ್ ಸುರಿದುಕೊಂಡೂ ಯಾರೂ ಆ ವೇಗ ಕೊಡುವುದಿಲ್ಲ. 15,000ದಲ್ಲೇ 280 ಇದೆ.

ಬೆಸುಗೆ: ಶ್ಯಾಂಕ್‌ನ ಚಪ್ಪಟೆ ತುದಿಯನ್ನು ಕಾರ್ಬೈಡ್‌ನ ಚಪ್ಪಟೆ ಬೆನ್ನಿಗೆ ಕೂರಿಸಿ ಬೆಸೆದಿದ್ದರೆ ಜಾಯಿಂಟ್ ಬರೀ 4.3 ಚದರ ಮಿ.ಮೀ. ಸೆಟ್‌ನ ಅಂಚಿಗೆ ಬರ್ ಸಿಕ್ಕಿ 30 ನ್ಯೂಟನ್ ಏಟು 10 ಮಿ.ಮೀ. ದೂರದಲ್ಲಿ ಬಿದ್ದರೆ ಅಲ್ಲಿ 235 ಮೆಗಾಪ್ಯಾಸ್ಕಲ್ ಬೀಳುತ್ತದೆ. ಜೊತೆಗೆ ಕಾರ್ಬೈಡ್ ಹಿಗ್ಗುವುದು ಉಕ್ಕಿನ ಅರ್ಧದಷ್ಟು ಮಾತ್ರ, ತಣ್ಣಗಾಗುವಾಗಲೇ ಜಾಯಿಂಟ್‌ನಲ್ಲಿ ಸೆಳೆತ ಕೂತಿರುತ್ತದೆ. ತಲೆಯ ಬೆನ್ನಿನಲ್ಲಿ 3 ಮಿ.ಮೀ. ಆಳದ ಕುರುಡು ತೂತು ಇರುವ ಬ್ಲಾಂಕ್ ತರಿಸಿ, ಶ್ಯಾಂಕ್ ಒಳಗೆ ಹೋಗಲಿ, ಸುತ್ತ 0.05 ಮಿ.ಮೀ. ಸಂದು ಬಿಡಿ. ಶ್ಯಾಂಕಿನ ಪಕ್ಕ ಸಣ್ಣ ಚಪ್ಪಟೆ ಉಜ್ಜಿದರೆ ಫ್ಲಕ್ಸ್‌ನ ಅನಿಲ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಒಳಗೆ ಟೊಳ್ಳು ಉಳಿಯುತ್ತದೆ. ಶ್ಯಾಂಕಿಗೆ ಆಸ್ಟೆನಿಟಿಕ್ ಬಗೆಯ ಸ್ಟೇನ್‌ಲೆಸ್ ಬೇಡ, ಅದು ಇನ್ನೂ ಹೆಚ್ಚು ಹಿಗ್ಗುತ್ತದೆ. ಮಾರ್ಟೆನ್ಸಿಟಿಕ್ ತಗೊಳ್ಳಿ. ಇಂಡಕ್ಷನ್‌ನಲ್ಲಿ ಬೇಗ ಕಾಯಿಸಿ ಬೇಗ ಬಿಡಿ. 650-700 ಡಿಗ್ರಿಯಲ್ಲಿ ಹೊತ್ತು ಕಳೆದಷ್ಟೂ ಕುತ್ತಿಗೆಯ ಉಕ್ಕು ಮೆತ್ತಗಾಗುತ್ತದೆ. ಬಾಗಿದ ಎರಡು ಪೀಸನ್ನು ಕುತ್ತಿಗೆಯಲ್ಲೂ ಶ್ಯಾಂಕಿನ ಬಾಲದಲ್ಲೂ ಗಡಸುತನ ಅಳೆದು ನೋಡಿ, ಅಂತರ ಕಂಡರೆ ಇಂಡಕ್ಷನ್ ಕಾಯಿಲ್ ಹೆಚ್ಚು ಹೊತ್ತು ಕಾಯಿಸಿದೆ ಎಂದೇ ಅರ್ಥ.

---

ಟೂಲ್‌ರೂಮ್

ಎಲ್ಲರಿಗೂ ಧನ್ಯವಾದ. ಡಯಲ್ ಇಟ್ಟು ನೋಡಿದಾಗ ರನ್‌ಔಟ್ 0.025ರಿಂದ 0.04 ಬಂತು. ತಲೆ ಗ್ರೈಂಡ್ ಆದ ಮೇಲೆ ಶ್ಯಾಂಕ್ ಫಿನಿಶ್ ಮಾಡುತ್ತಿದ್ದ ಕ್ರಮವನ್ನು ತಿರುಗಿಸುತ್ತೇವೆ. ಪ್ಲಾಸ್ಟರ್ ಒಣಗಿದ್ದಕ್ಕೆ ಮಾತ್ರ. ಟೈಟೇನಿಯಂ, ಜಿರ್ಕೋನಿಯಾ ಪಟ್ಟಿಯಿಂದ ಹೊರಗೆ.

ಎರಡು ಅನುಮಾನ. ಕೋಟಿಂಗ್ ಇಟ್ಟುಕೊಳ್ಳಬೇಕೋ ಬೇಡವೋ? ಮತ್ತು ಒಂದೇ ತಲೆಯಲ್ಲಿ ಎರಡು ವಲಯ ಮಾಡಿದರೆ ಹೇಗೆ: ಹಿಂಭಾಗ ಅಕ್ರಿಲಿಕ್‌ಗೆ ಒರಟು, ಮೂತಿಯ ಕಡೆ 5 ಮಿ.ಮೀ. ಲೋಹಕ್ಕೆ ನಯ?

---

ವೀಲ್ ಡ್ರೆಸ್ಸರ್

ಕೋಟಿಂಗ್‌ಗೆ ಮೊದಲು ಅಂಚಿನ ದುಂಡುತನ ಅಳೆಯಿರಿ. ಚೆನ್ನಾಗಿ ಗ್ರೈಂಡ್ ಆದ ಅಂಚಿನ ಮೇಲೆ 3 ಮೈಕ್ರಾನ್ ಕೂತರೆ ಅಂಚು ಅಷ್ಟೇ ದುಂಡಗಾಗುತ್ತದೆ. ಬ್ಲೇಡಿಗೆ ಸಿಗುವ ಚಿಪ್ಪೇ 2.5 ಮೈಕ್ರಾನ್. ಅಂಚಿನ ತ್ರಿಜ್ಯ ಚಿಪ್ಪಿಗಿಂತ ದಪ್ಪವಾದರೆ ಅದು ಕತ್ತರಿಸುವುದಿಲ್ಲ, ತಳ್ಳುತ್ತದೆ. ಆಗ ಬಳಸುವವರು ಇನ್ನೂ ಒತ್ತುತ್ತಾರೆ, ಬಿಸಿ ಏರುತ್ತದೆ. ಕೋಟಿಂಗ್ ಬೇಕೇ ಬೇಕೆಂದರೆ 1 ಮೈಕ್ರಾನ್ ಸುತ್ತ ಇರಲಿ. ಚಿನ್ನದ ಬಣ್ಣ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಅದು ಬೇರೆ ವಿಷಯ. ಆ ಹಣವನ್ನು ಫ್ಲೂಟ್ ಪಾಲಿಶ್‌ಗೆ ಹಾಕಿದರೆ ಅಕ್ರಿಲಿಕ್ ಅಂಟುವುದು ಇನ್ನೂ ಚೆನ್ನಾಗಿ ತಗ್ಗುತ್ತದೆ.

ಎರಡು ವಲಯ ಗ್ರೈಂಡ್ ಮಾಡಬಹುದು, ಕಷ್ಟವಿಲ್ಲ. ವಲಯ ಬದಲಾಗುವ ಗೆರೆಯಲ್ಲಿ ಮೆಟ್ಟಿಲು ಉಳಿಯದಂತೆ ಬ್ಲೇಡ್‌ನ ಹೊರವ್ಯಾಸ ಒಂದೇ ಇರಬೇಕು, ನಯ ವಲಯದ ಫ್ಲೂಟ್‌ನ ಆಳ ಮಾತ್ರ ಕಡಿಮೆಯಿರಬೇಕು.

---

ಲ್ಯಾಬ್ ಬೆಂಚ್

ಎರಡು ವಲಯಕ್ಕೆ ನನ್ನ ಒಪ್ಪಿಗೆ ಇಲ್ಲ. ಫ್ಲಾಂಜ್ ಉಜ್ಜುವಾಗ ತಲೆಯ ಪೂರ್ತಿ ಉದ್ದ ತಾಗುತ್ತದೆ. ಒರಟು ಭಾಗ ಬೇಗ ಕೊರೆದು ನಯ ಭಾಗ ಹಿಂದೆ ಉಳಿದರೆ ಮೇಲ್ಮೈ ಓರೆಯಾಗುತ್ತದೆ, ಕೈ ಅದನ್ನು ಸರಿಪಡಿಸಲು ವಾಲುತ್ತದೆ. ಮೇಲಾಗಿ ಲೋಹ ಕೊರೆದ ಮೂತಿಯ ಕಪ್ಪು ಪುಡಿ ಗುಲಾಬಿ ಅಕ್ರಿಲಿಕ್‌ನಲ್ಲಿ ಕೂತರೆ ಪಾಲಿಶ್‌ನಲ್ಲೂ ಹೋಗುವುದಿಲ್ಲ. ಅದೇ ಕಾರಣಕ್ಕೆ ಒಂದೇ ವಿನ್ಯಾಸ ಇರಲಿ, ಆದರೆ ಲೋಹಕ್ಕೊಂದು ಅಕ್ರಿಲಿಕ್‌ಗೊಂದು ಪೀಸ್ ಎತ್ತಿಡಿ ಎಂದು ಚೀಟಿಯಲ್ಲೇ ಬರೆಯಿರಿ.

ಅದೇ ಬ್ಲಾಂಕ್, ಅದೇ ಆಕಾರದಲ್ಲಿ ಎರಡು ಕಟ್ ಮಾಡಿ. ಮಧ್ಯಮ ಕಟ್‌ಗೆ ನೀಲಿ ಪಟ್ಟಿ, ಒರಟಿಗೆ ಹಸಿರು. ಈ ಬಣ್ಣಗಳು ಎಲ್ಲ ಕಂಪನಿಯಲ್ಲೂ ಹೆಚ್ಚುಕಡಿಮೆ ಇದೇ ಅರ್ಥದಲ್ಲಿವೆ, ನಿಮ್ಮದೇ ಬಣ್ಣ ಹುಟ್ಟಿಸಬೇಡಿ. ಪೊಟ್ಟಣದ ಮೇಲೆ ಐಎಸ್‌ಒ 6360 ಸಂಖ್ಯೆ (ಡೆಂಟಲ್ ಬರ್‌ಗಳ ಅಂತರರಾಷ್ಟ್ರೀಯ ಸಂಕೇತ) ಹಾಕಿ: ಕಾರ್ಬೈಡ್‌ಗೆ 500, ಈ ಶ್ಯಾಂಕಿಗೆ 104, ನಡುವೆ ಆಕಾರ ಮತ್ತು ಕಟ್‌ನ ಅಂಕೆಗಳು, ಕೊನೆಗೆ ವ್ಯಾಸ 060. ಅಂಗಡಿಯವರು ಹುಡುಕುವುದು ಅದನ್ನೇ.

ಮೈಕ್ರೋಮೋಟರ್‌ನಲ್ಲಿ ರಿವರ್ಸ್ ಬಟನ್ ಇರುತ್ತದೆ. ಎಡಗೈಯವರಲ್ಲಿ ಕೆಲವರು ಅದನ್ನೇ ಒತ್ತಿ ಕೆಲಸ ಮಾಡುತ್ತಾರೆ, ಆಗ ನಿಮ್ಮ ಬ್ಲೇಡ್ ಬೆನ್ನಿನಿಂದ ಉಜ್ಜುತ್ತದೆ. "ಬರ್ ಮೊದಲ ದಿನವೇ ಮೊಂಡು" ಎಂಬ ದೂರು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ತಿರುಗುವ ದಿಕ್ಕಿನ ಬಾಣದ ಗುರುತು ಪೊಟ್ಟಣದ ಮೇಲೆ ಇರಲಿ.

---

ಬೆಳ್ಳಿ ಬೆಸುಗೆ

ಹೊಸ ಮಾದರಿಯನ್ನು ಕೈಯಲ್ಲಿ ಹಿಡಿದು ಹೋಲಿಸಬೇಡಿ, ಕೈ ಸುಳ್ಳು ಹೇಳುತ್ತದೆ. ಹ್ಯಾಂಡ್‌ಪೀಸನ್ನು ಕೀಲಿನ ಮೇಲೆ ಕೂರಿಸಿ, ಕಟರ್ ತುದಿಯಲ್ಲಿ 300 ಗ್ರಾಂ ಒತ್ತಡ ಬರುವಂತೆ ತೂಕ ಇಡಿ. ಕೆಳಗೆ ಒಂದೇ ಅಳತೆಯ ಅಕ್ರಿಲಿಕ್ ಪಟ್ಟಿ, ಆಮೇಲೆ ಬ್ಲಾಸ್ಟ್ ಮಾಡಿದ ಕ್ರೋಮ್-ಕೋಬಾಲ್ಟ್ ಪಟ್ಟಿ, ನಿಧಾನ ಹಿಂದೆ ಮುಂದೆ ಸರಿಯುವಂತೆ. ಪ್ರತಿ ನಿಮಿಷಕ್ಕೆ ಪಟ್ಟಿ ತೆಗೆದು 1 ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಿ. ಗ್ರಾಂನಲ್ಲಿ ಹೋಲಿಸಿದರೆ ಮೋಸ ಹೋಗುತ್ತೀರಿ: ಅಕ್ರಿಲಿಕ್ ಒಂದು ಘನ ಮಿ.ಮೀ.ಗೆ ಸುಮಾರು 1.2 ಮಿಲಿಗ್ರಾಂ, ಕ್ರೋಮ್-ಕೋಬಾಲ್ಟ್ 8ರ ಮೇಲೆ. ಘನ ಅಳತೆಗೆ ತಿರುಗಿಸಿ ಗ್ರಾಫ್ ಹಾಕಿ. ಮೊದಲ ನಿಮಿಷದ ಅರ್ಧಕ್ಕೆ ಇಳಿದಾಗ ಆಯುಷ್ಯ ಮುಗಿಯಿತು ಎಂದು ಗುರುತಿಸಿ. ಕೋಟಿಂಗ್ ಇರುವ, ಇಲ್ಲದ ಪೀಸ್ ಐದೈದು ಓಡಿಸಿದರೆ ಮೇಲಿನ ವಾದಕ್ಕೂ ಉತ್ತರ ಸಿಗುತ್ತದೆ.

ಲೋಹದ ಪಟ್ಟಿ ಓಡಿಸುವಾಗ ಸಕ್ಷನ್ ಹಾಕದೆ ಶುರು ಮಾಡಬೇಡಿ. ಕೋಬಾಲ್ಟ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನಿಕಲ್-ಕ್ರೋಮ್ ಪಟ್ಟಿ ಪ್ರಯತ್ನಿಸುವುದಾದರೆ ಅದರಲ್ಲಿ ಬೆರಿಲಿಯಂ ಇದೆಯೇ ಎಂದು ಮೊದಲು ಅದರ ಚೀಟಿ ಓದಿ, ಇದ್ದರೆ ಆ ಪಟ್ಟಿಯನ್ನು ಮುಟ್ಟಬೇಡಿ.